ಎಸಿ ಪೈಪ್ ಜೋಡಿಸುವಾಗ ನಟ್ ಮೊದಲು, ಬಾಯಿ ಆಮೇಲೆ

"ಹೋದ ಬೇಸಿಗೆಯಲ್ಲೇ ಗ್ಯಾಸ್ ತುಂಬಿಸಿದ್ವಿ ಸಾರ್, ಮತ್ತೆ ಖಾಲಿ." ಹಾಸನದಲ್ಲಿ ಮಾರ್ಚ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ಎಸಿ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ, ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಯಿತು ಅಂದರೆ ಎಲ್ಲೋ ಸೋರಿದೆ. ಜಾಸ್ತಿ ಸೋರುವುದು ಪೈಪಿನ ಜಾಯಿಂಟಿನಲ್ಲಿ.

ಇಂಡೋರ್, ಔಟ್‌ಡೋರ್ ಎರಡನ್ನೂ ಮೊದಲೇ ಕೂರಿಸಿಕೊಳ್ಳಿ. ಗೋಡೆಯ ತೂತು ಹೊರಗಡೆಗೆ ತುಸು ಇಳಿಜಾರಾಗಿರಲಿ.

ಒಂದೂವರೆ ಟನ್ನಿಗೆ ಸಾಮಾನ್ಯವಾಗಿ ಕಾಲಿಂಚು ಮತ್ತು ಅರ್ಧ ಇಂಚಿನ ಪೈಪ್. ಆದರೂ ಕಂಪನಿ ಕೊಟ್ಟ ಪುಸ್ತಕ ನೋಡಿಯೇ ತನ್ನಿ. ಅಲ್ಯೂಮಿನಿಯಂ ಪೈಪನ್ನು ನಾನಂತೂ ಮುಟ್ಟುವುದಿಲ್ಲ. ತಾಮ್ರದಲ್ಲೂ 0.8 ಮಿ.ಮೀ. ದಪ್ಪ ಕೇಳಿ. ತೆಳುವಾದದ್ದು ಬಾಯಿ ಅಗಲಿಸುವಾಗಲೇ ಸೀಳುತ್ತದೆ.

ಈಗ ಫ್ಲೇರಿಂಗ್, ಅಂದರೆ ಪೈಪಿನ ಬಾಯಿ ಅಗಲಿಸುವುದು. ಕೆಲಸ ಕೆಡುವುದೇ ಇಲ್ಲಿ. ಪೈಪನ್ನು ಕಟರ್‌ನಲ್ಲೇ ಕತ್ತರಿಸಿ, ಹ್ಯಾಕ್ಸಾ ಬೇಡ. ಕಟರನ್ನು ಪ್ರತಿ ಸುತ್ತು ತಿರುಗಿಸಿದ ಮೇಲೆ ಚೂರೇ ಬಿಗಿ ಮಾಡುತ್ತಾ ಹೋಗಿ. ಅಂಚಿನ ಒಳಗೆ ಉಳಿಯುವ ಸಿಬಿರನ್ನು ರೀಮರಿನಿಂದ ಹೆರೆಯಿರಿ. ಆಗ ಪೈಪಿನ ಬಾಯಿ ನೆಲದ ಕಡೆಗಿರಬೇಕು. ಇಲ್ಲದಿದ್ದರೆ ತಾಮ್ರದ ಪುಡಿ ಒಳಗೆ ಬಿದ್ದು ಕಂಪ್ರೆಸರ್ ತನಕ ಹೋಗುತ್ತದೆ. ಆಮೇಲೆ ನಟ್ ತೂರಿಸಿ. ಇದನ್ನು ಮರೆತು, ಚೆಂದದ ಬಾಯಿ ಮಾಡಿ, ಕೈಯಲ್ಲಿ ನಟ್ ಹಿಡಿದು ಪೆಚ್ಚಾಗದ ಮೆಕ್ಯಾನಿಕ್ಕೇ ಇಲ್ಲ. ನಾನೂ ಆಗಿದ್ದೇನೆ.

ಬಾಯಿ ಅಗಲಿಸುವ ಟೂಲ್ ಕ್ಲಚ್ ಇರುವುದಾದರೆ ಪೈಪ್ ಅದನ್ನು ಹಿಡಿಯುವ ಪಟ್ಟಿಯ ಮಟ್ಟಕ್ಕೇ ಇರಲಿ, ಹಳೆಯ ತರಹದ್ದಾದರೆ 1ರಿಂದ 1.5 ಮಿ.ಮೀ. ಮೇಲೆ. ಬಾಯಿ ಆಲಿಕೆಯಂತೆ ಸಮನಾಗಿ ಅರಳಬೇಕು. ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಅಗಲ, ಒಂದು ಗೀರು, ಕೂದಲೆಳೆಯ ಸೀಳು ಕಂಡರೂ ಕತ್ತರಿಸಿ ಬಿಸಾಕಿ, ಮತ್ತೆ ಮಾಡಿ. ಎರಡಿಂಚು ಪೈಪಿಗೆ ಜಿಪುಣತನ ಯಾಕೆ? ಟೆಫ್ಲಾನ್ ಟೇಪ್ ಸುತ್ತುವವರನ್ನೂ ನೋಡಿದ್ದೇನೆ. ಇದೇನು ನಲ್ಲಿಯೇ? ಇಲ್ಲಿ ಸೋರಿಕೆ ತಡೆಯುವುದು ಥ್ರೆಡ್ ಅಲ್ಲ, ಹಿತ್ತಾಳೆಯ ಮೇಲೆ ತಾಮ್ರ ಕೂರುವ ರೀತಿ. ಒಂದು ಹನಿ ಎಸಿ ಆಯಿಲ್ ಸಾಕು. ನಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿದು ಬಿಗಿ ಮಾಡಿ. ಒಂದೇ ಸ್ಪ್ಯಾನರ್ ಹಾಕಿದರೆ ಪೈಪೇ ತಿರುಚಿಕೊಳ್ಳುತ್ತದೆ.

ನೈಟ್ರೋಜನ್ ತುಂಬಿಸಿ, ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ನೋಡಿ.

ನಂತರ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್. ಔಟ್‌ಡೋರಿನ ವಾಲ್ವ್ ತುಸು ತೆರೆದು ಗ್ಯಾಸಿನಿಂದಲೇ ಗಾಳಿ ಓಡಿಸುವ ಅಡ್ಡದಾರಿ ಇನ್ನೂ ನಡೆಯುತ್ತಿದೆ. ಗಾಳಿ ಹೋದರೂ ತೇವ ಹೋಗುವುದಿಲ್ಲ. ಈಗಿನ ಆರ್-32 ಬೆಂಕಿ ಹಿಡಿಯುವ ಗ್ಯಾಸ್ ಬೇರೆ. ಒಳಗಿನ ಒತ್ತಡವನ್ನು ವ್ಯಾಕ್ಯೂಮ್ ಮೀಟರಿನಲ್ಲಿ 500 ಮೈಕ್ರಾನ್‌ಗೆ ಇಳಿಸಿ, ಪಂಪ್ ನಿಲ್ಲಿಸಿ, ಹತ್ತು ನಿಮಿಷ ಕಾಯಿರಿ. ಮೀಟರ್ ಮೇಲೇರುತ್ತಲೇ ಇದ್ದರೆ ವಾಲ್ವ್ ತೆರೆಯಬೇಡಿ, ಮತ್ತೆ ಜಾಯಿಂಟ್ ನೋಡಿ.

ಎರಡೂ ಪೈಪಿಗೆ ಬೇರೆ ಬೇರೆ ಇನ್ಸುಲೇಷನ್ ಹಾಕಿ. ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ. ಚಿಕ್ಕಮಗಳೂರಿನ ಒಂದು ಮನೆಯಲ್ಲಿ ಮೇಲಿನಿಂದ ಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಬಿಚ್ಚಿದೆ. ಒಳಗಿಂದ ಒಂದು ಲೋಟ ನೀರು ಇಳಿಯಿತು.