ಏಳರ ಲೆಕ್ಕಕ್ಕೂ ಫ್ಲೋರ್ ಕುಣಿಯುತ್ತೆ

"ಟೆಕ್ನೋದಲ್ಲಿ ಏಳರ ಲೆಕ್ಕ ಹಾಕಿದ್ರೆ ಯಾರೂ ಕುಣಿಯಲ್ಲ ಗುರು." ಬೆಂಗಳೂರಿನಲ್ಲಿ ನನಗೆ ಪರಿಚಯ ಇರುವ ಹೆಚ್ಚುಕಡಿಮೆ ಎಲ್ಲ ಡಿಜೆಗಳೂ ಈ ಮಾತು ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಏಳು ಮಾತ್ರೆಯ ತಾಳದ ಮೇಲೆ ನಾನು ಮಾಡಿದ ಟೆಕ್ನೋ ಟ್ರ್ಯಾಕನ್ನು ತಮ್ಮ ಸೆಟ್‌ನಲ್ಲಿ ಹಾಕುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಲೇಯರಿಂಗ್, ಸೈಡ್‌ಚೈನ್ ಥರದ ಸ್ಟುಡಿಯೊ ಕೆಲಸ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟಿದ್ದೇನೆ.

ಮೊದಲ ಮೂರ್ನಾಲ್ಕು ವರ್ಷ ನಾನು ಏನು ಮಾಡಿದರೂ ಬರ್ಲಿನ್‌ನ ಟೆಕ್ನೋ ಜೋಡಿ ಬೇಸಿಕ್ ಚಾನೆಲ್ ಥರಾನೇ ಕೇಳಿಸುತ್ತಿತ್ತು. ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು), ಉದ್ದ ಡಿಲೇ, ಹಿಂದೆ ಟೇಪಿನ ಹಿಸ್. ಚೆನ್ನಾಗಿಯೇ ಇತ್ತು. ಆದರೆ ಡೆಮೊ ಕಳಿಸಿದ ಒಂದು ಲೇಬಲ್‌ನವರು "ಇಂಥದ್ದು ನಮ್ಮ ಹತ್ರ ಬೇಕಾದಷ್ಟಿದೆ" ಅಂತ ಒಂದೇ ಸಾಲು ಬರೆದು ಸುಮ್ಮನಾದರು. ಆಮೇಲೆ ಯಾರ ಪ್ರಭಾವವೂ ಬೇಡ ಅಂತ ಬೇರೆಯವರ ಸಂಗೀತ ಕೇಳುವುದನ್ನೇ ನಿಲ್ಲಿಸಿದೆ. ಟಿಬಿ-303 ಅನ್ನೋ ಹಳೇ ಬೇಸ್ ಸಿಂತ್‌ನ ನಕಲು ಮೆಷಿನ್ ಒಂದನ್ನು ಸುಮಾರು 13 ಸಾವಿರಕ್ಕೆ ತಂದು, ರಾತ್ರಿಯೆಲ್ಲ ಅದರ ಮುಂದೆ ಕೂತೆ. ಕಟಾಫ್ ಗುಂಡಿ ತಿರುಗಿಸಿದ ತಕ್ಷಣ ಅದು ಆಸಿಡ್ (ಈ ಮೆಷಿನ್ನಿನ ಕೀರಲು ಬೇಸ್‌ನ ಸಂಗೀತ) ಆಗಿಬಿಡುತ್ತಿತ್ತು. ಯಾರದ್ದನ್ನೂ ಕೇಳದಿದ್ದರೂ ಮೆಷಿನ್ ತನ್ನ ದಾರಿಗೇ ಎಳೆಯುತ್ತೆ.

ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಕಥೆ ನೋಡಿ. 1982ರಲ್ಲಿ ಮುಂಬೈಯಲ್ಲಿ ಕೂತು ಟಿಬಿ-303, ಟಿಆರ್-808 ಡ್ರಮ್ ಮೆಷಿನ್, ಜೂಪಿಟರ್-8 ಸಿಂತ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟ್ ಮೇಲೆ ನುಡಿಸಿದರು. ಶಿಕಾಗೋದ ಫ್ಯೂಚರ್ ತಂಡದ ಆಸಿಡ್ ರೆಕಾರ್ಡ್ ಬಂದದ್ದು 1987ರಲ್ಲಿ. ಮುಂಬೈ ರೆಕಾರ್ಡನ್ನು ಹೊರಗಿನವರು ಸರಿಯಾಗಿ ಕೇಳಿದ್ದು 2010ರ ಮರುಬಿಡುಗಡೆ ಆದ ಮೇಲೆ. ಎರಡನ್ನೂ ಪಕ್ಕಪಕ್ಕ ಹಾಕಿದರೆ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ. ಒಬ್ಬರನ್ನೊಬ್ಬರು ನಕಲು ಮಾಡಲಿಲ್ಲ, ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಬೆಳ್ಳಿ ಬಣ್ಣದ ಡಬ್ಬ, ಟಿಬಿ-303. ನನ್ನ ಡಬ್ಬವನ್ನು ಎಂಟು ಸಾವಿರಕ್ಕೆ ಮಾರಿದೆ.

ಆಗ ಹೊಳೆದದ್ದು ಇಷ್ಟು. ಇಷ್ಟವಾದವರಿಂದ ಸದ್ದು ತೆಗೆದುಕೊಳ್ಳಬಾರದು, ನಿಯಮ ತೆಗೆದುಕೊಳ್ಳಬೇಕು. ಅದನ್ನು ಅವರ ಹತ್ತಿರ ಇಲ್ಲದ ಸಾಮಾನಿನಿಂದ ಮಾಡಬೇಕು.

ನಾನು ಎತ್ತಿಕೊಂಡದ್ದು ಬ್ರಿಟನ್ನಿನ ಎಲೆಕ್ಟ್ರಾನಿಕ್ ಜೋಡಿ ಆಟೆಕರ್‌ನ ನಿಯಮ. 1994ರಲ್ಲಿ ಬ್ರಿಟನ್ ಸರ್ಕಾರ ರೇವ್ ಪಾರ್ಟಿಗಳ ಮೇಲೆ ಕಾನೂನು ತರಲು ಹೊರಟಿತು. ಅದರಲ್ಲಿ ‘ಒಂದೇ ಥರ ಮತ್ತೆ ಮತ್ತೆ ಬರುವ ಬೀಟ್’ ಇರುವ ಸಂಗೀತ ಅಂತ ಬರೆದಿತ್ತು. ಅದಕ್ಕೆ ಉತ್ತರವಾಗಿ ಈ ಇಬ್ಬರು ‘ಫ್ಲಟರ್’ ಅಂತ ಒಂದು ಟ್ರ್ಯಾಕ್ ಮಾಡಿದರು. ಅದರಲ್ಲಿ ಯಾವ ಬಾರ್‌ನ (ತಾಳದ ಒಂದು ಸುತ್ತಿನ) ಬೀಟೂ ಇನ್ನೊಂದರ ಹಾಗಿಲ್ಲ. ಬೀಟನ್ನು ಅವರು ಒಂದೊಂದಾಗಿ ಪ್ರೋಗ್ರಾಮ್ ಮಾಡಿದ್ದರು. ನಾನೂ ಮೊದಲು ಹಾಗೇ ಮಾಡಿ ನೋಡಿದೆ. ಬಂದದ್ದು ಆಟೆಕರ್‌ನ ಬಡ ನೆಂಟನಂಥ ಟ್ರ್ಯಾಕು. ಹಾರ್ಡ್ ಡಿಸ್ಕ್‌ನಲ್ಲಿ ಇನ್ನೂ ಬಿದ್ದಿದೆ.

ದಾರಿ ಸಿಕ್ಕಿದ್ದು ಚಿಕ್ಕಂದಿನ ಮೃದಂಗದ ಪಾಠದಲ್ಲಿ. ಏಳು ಮಾತ್ರೆಯ ಮಿಶ್ರಛಾಪು ತಾಳ, ತಕಿಟ ತಕಧಿಮಿ. ಈ ಏಳನ್ನು ಬಾರ್‌ಗೆ ಹದಿನಾರು ಮಾತ್ರೆ ಇರುವ ಗ್ರಿಡ್ ಮೇಲೆ ನಿಲ್ಲಿಸದೆ ಓಡಿಸಿ. ಮೊದಲ ಬಾರ್ ‘ತ’ ಮೇಲೆ ಶುರುವಾಗುತ್ತೆ. ಎರಡನೆಯದು ‘ಟ’ ಮೇಲೆ, ಮೂರನೆಯದು ‘ಕ’ ಮೇಲೆ, ನಾಲ್ಕನೆಯದು ‘ಮಿ’ ಮೇಲೆ. ಏಳು ಬಾರ್‌ಗೆ ಹದಿನಾರು ಸಲ ಏಳು ಮುಗಿದು ಸಮಕ್ಕೆ, ಅಂದರೆ ಮತ್ತೆ ಮೊದಲ ‘ತ’ಕ್ಕೆ ಬರುತ್ತೆ. ಅಲ್ಲಿಯವರೆಗೆ ಒಂದು ಬಾರ್ ಇನ್ನೊಂದರ ಹಾಗಿರಲ್ಲ! ಆಟೆಕರ್ ಕೈಯಿಂದ ಮಾಡಿದ್ದನ್ನು ಇಲ್ಲಿ ತಾಳವೇ ಮಾಡಿಕೊಡುತ್ತೆ.

ತೊಂದರೆ ಎಂಟನೇ ಬಾರ್‌ನದು. ಡಿಜೆಗೆ ಎಂಟು ಬಾರ್‌ನ ಫ್ರೇಸ್ ಬೇಕು, ಏಳಕ್ಕೆ ಮುಗಿದರೆ ಮಿಕ್ಸ್ ಕೂರಲ್ಲ. ಸುಮ್ನೆ ಖಾಲಿ ಬಿಟ್ಟು ನೋಡಿದೆ, ಟ್ರ್ಯಾಕ್ ಕುಸಿಯಿತು. ಮೊದಲ ಬಾರನ್ನೇ ಮತ್ತೆ ಹಾಕಿದೆ, ನಿಯಮ ಮುರಿಯಿತು. ಕೊನೆಗೆ ಒಂದು ಮಾತ್ರೆ ಕಾರ್ವೆ (ಖಾಲಿ ಜಾಗ) ಬಿಟ್ಟು ಮೂರು ಸಲ ಐದು ಮಾತ್ರೆಯ ತಕತಕಿಟ ಹಾಕಿದೆ. ಒಂದು ಮತ್ತು ಹದಿನೈದು, ಹದಿನಾರು. ಮುಕ್ತಾಯ ಬಡಿದು ನೇರ ಕಿಕ್ ಮೇಲೆ ಬೀಳುತ್ತೆ. ಆ ಜಾಗದಲ್ಲಿ ಜನ ಪ್ರತೀ ಸಲ ಕೂಗುತ್ತಾರೆ, ತಾಳ ಗೊತ್ತಿಲ್ಲದವರೂ.

ಕಿಕ್ ಮಾತ್ರ ಏಳಕ್ಕೆ ಕೊಡಬೇಡಿ. ಒಂದು ಸಣ್ಣ ಗಿಗ್‌ನಲ್ಲಿ ಕೊಟ್ಟು ನೋಡಿದ್ದೆ, ಎರಡೇ ನಿಮಿಷಕ್ಕೆ ಫ್ಲೋರ್ ಖಾಲಿ. ಕಿಕ್ ನಾಲ್ಕಕ್ಕೆ ಗಟ್ಟಿಯಾಗಿ ನಿಲ್ಲಲಿ, ನಿಮಿಷಕ್ಕೆ 130–132 ಬೀಟ್‌ನ ವೇಗದಲ್ಲಿ. ಕಾಲು ಅದಕ್ಕೆ, ಸೊಂಟ ಏಳಕ್ಕೆ.

ಏಳನ್ನು ನುಡಿಸಲು ಸಿಂತ್ ಬಳಸಲಿಲ್ಲ, ತಮಟೆ ಬಳಸಿದೆ. ಮಾಲೂರು ಕಡೆಯ ಒಂದು ತಂಡ, ನಾಲ್ಕು ಜನ. ಫೈಬರ್ ತಮಟೆ ಬೇಡ, ಚರ್ಮದ್ದೇ ಬೇಕು ಅಂತ ಹಟ ಮಾಡಿದೆ. ಒಣ ಎಲೆ ಉರಿಸಿ ಕಾಯಿಸಿದಾಗ ಅದು ಕಣಕಣ ಅನ್ನುತ್ತೆ. ಸಂಜೆಯ ತಂಪಿಗೆ ಮೆಲ್ಲಗೆ ಇಳಿಯುತ್ತೆ. ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ ಎರಡು ಸ್ವರ ಇಳಿದಿತ್ತು ಅಂತ ನೆನಪು. "ಆರಿದ್ದನ್ಯಾಕೆ ಸಾರ್ ರೆಕಾರ್ಡ್ ಮಾಡ್ತೀರಾ?" ಅಂತ ತಂಡದ ಹಿರಿಯರು ನಕ್ಕರು. "ನಿಲ್ಲಿಸಬೇಡಿ ಅಣ್ಣಾ, ಬಾರಿಸ್ತಾ ಇರಿ" ಅಂದೆ. ಟ್ರ್ಯಾಕ್‌ನಲ್ಲಿ ಬೇಸ್‌ನ ಪಿಚ್ ಏಳು ನಿಮಿಷದ ಉದ್ದಕ್ಕೂ ಇಳಿಯುವುದು ಅದೇ ಅಳತೆಯಲ್ಲಿ. ಇದೇ ಹುಚ್ಚಿಗೆ ಮಡಕೆ ಕಾಯಿಸಿಯೂ ನೋಡಿದೆ. ಪಿಚ್ ಅಲ್ಲಾಡಲಿಲ್ಲ, ಮಡಕೆ ಒಡೆಯಿತು.

ತಂಡಕ್ಕೆ ಆ ದಿನ ಸುಮಾರು 20 ಸಾವಿರ ಕೊಟ್ಟೆ. ಜೊತೆಗೆ ಬರುವ ದುಡ್ಡಿನಲ್ಲಿ ಐದನೇ ಒಂದು ಪಾಲು ಅಂತ ಕಾಗದದ ಮೇಲೆ ಬರೆದುಕೊಟ್ಟೆ. ಗೆಳೆಯರು ಇದಕ್ಕೂ ಬೇಡ ಅಂದರು. ನನಗೆ ನೆನಪಿದ್ದದ್ದು ‘ಅಮೆನ್ ಬ್ರೇಕ್’. 1969ರಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಆರೇಳು ಸೆಕೆಂಡಿನ ಡ್ರಮ್ ಮೇಲೆ ಜಂಗಲ್, ಡ್ರಮ್ ಅಂಡ್ ಬೇಸ್ ಪೂರ್ತಿ ನಿಂತಿದೆ. ಅವರಿಗೆ ಅದರಿಂದ ರಾಯಲ್ಟಿ ಬರಲಿಲ್ಲ, 2006ರಲ್ಲಿ ತೀರಿಕೊಂಡರು. ಕೋಲ್ಮನ್ ಇದ್ದ ವಿನ್‌ಸ್ಟನ್ಸ್ ಬ್ಯಾಂಡಿನ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ 24 ಸಾವಿರ ಪೌಂಡ್ ಕೊಟ್ಟರು, ಅಷ್ಟೇ. ಪ್ರಭಾವದ ಬಗ್ಗೆ ಮಾತಾಡುವಾಗ ಈ ಲೆಕ್ಕವೂ ಬರಬೇಕು ಅಲ್ವಾ?

ನನ್ನ ಲೆಕ್ಕ: ರೆಕಾರ್ಡಿಂಗ್, ಬಾಡಿಗೆ ಮೈಕು, ಮಾಸ್ಟರಿಂಗ್, 300 ವಿನೈಲ್ ರೆಕಾರ್ಡ್ ಸೇರಿ ಎರಡೂವರೆ ಲಕ್ಷದ ಹತ್ತಿರ. ವಾಪಸ್ ಬಂದದ್ದು ಇಲ್ಲಿಯವರೆಗೆ ಲಕ್ಷ ಚಿಲ್ಲರೆ. ಹೊರದೇಶದ ಒಬ್ಬ ಪ್ರೊಡ್ಯೂಸರ್ "ಈ ಡ್ರಮ್ ಪ್ಯಾಕ್ ಎಲ್ಲಿ ಸಿಗುತ್ತೆ?" ಅಂತ ಕೇಳಿದ. ಎಲ್ಲೂ ಸಿಗಲ್ಲ ಅಂತ ಬರೆದೆ. ಆ ದಿನ ತುಂಬಾ ಖುಷಿಯಾಗಿತ್ತು.

ತಮಟೆ ಮತ್ತು ಕಿಕ್ ಒಂದನ್ನೊಂದು ತಿನ್ನದ ಹಾಗೆ ಹೇಗೆ ಕೂರಿಸಿದೆ ಅಂತ ಬಹಳ ಜನ ಕೇಳುತ್ತಿದ್ದಾರೆ. ಈಕ್ಯೂ (ಸದ್ದಿನ ಬೇಸ್-ಟ್ರೆಬಲ್ ಹೆಚ್ಚುಕಡಿಮೆ ಮಾಡುವುದು) ಅಲ್ಲ ಅಂತ ಮಾತ್ರ ಹೇಳುತ್ತೇನೆ. ಉಳಿದದ್ದು ಮುಂದಿನ ರೆಕಾರ್ಡ್ ಬಂದ ಮೇಲೆ.

ಈಗ ಒಂಬತ್ತರ ಲೆಕ್ಕದಲ್ಲಿ, ಅಂದರೆ ಸಂಕೀರ್ಣದಲ್ಲಿ, ಸಿಕ್ಕಿಕೊಂಡಿದ್ದೇನೆ. ಸಮಕ್ಕೆ ಬರಲು ಒಂಬತ್ತು ಬಾರ್ ಬೇಕು, ಫ್ರೇಸ್‌ಗಿಂತ ಒಂದು ಜಾಸ್ತಿ. ಎಂಟು ಬಾರ್‌ನಲ್ಲಿ ಹದಿನಾಲ್ಕು ಒಂಬತ್ತು ಹಿಡಿಸಿ ಎರಡು ಮಾತ್ರೆ ಉಳಿಯುತ್ತೆ. ಆ ಎರಡನ್ನು ಎಲ್ಲಿಟ್ಟರೂ ಕಾಲು ಎಡವುತ್ತಿದೆ. ಸಂಕೀರ್ಣದಲ್ಲಿ ಯಾರಾದರೂ ಕೆಲಸ ಮಾಡಿದ್ದರೆ ದಯವಿಟ್ಟು ತಿಳಿಸಿ.