ಎರಡು ಘಳಿಗೆಯ ಮುನಿತನ

ನಮ್ಮಜ್ಜಿ ಬೆಳಿಗ್ಗೆ ಚಾಪೆ ಹಾಸಿ ಕೂತರೆಂದರೆ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಪೋಸ್ಟಿನವ ಬರಲಿ, ಹಟ್ಟಿಯಲ್ಲಿ ಕರು ಹಗ್ಗ ಬಿಚ್ಚಿಕೊಳ್ಳಲಿ, ಅಜ್ಜಿ ಊರಲ್ಲೇ ಇಲ್ಲ ಅಂತ ಲೆಕ್ಕ. ಸಾಮಾಯಿಕ, ಅಂದರೆ ನಾವು ಜೈನರು ಹೊತ್ತು ಗೊತ್ತುಮಾಡಿ ಕೂರುವ ಧ್ಯಾನ, ಮುಗಿಸಿ ಎದ್ದ ಮೇಲೆ ಅದೇ ಅಜ್ಜಿ ಕರುವಿನ ಹಿಂದೆ ಓಡುತ್ತಿದ್ದರು, ಕೆಲಸದವರ ಹತ್ತಿರ ತೆಂಗಿನಕಾಯಿ ಲೆಕ್ಕಕ್ಕೆ ಜಗಳ ಕಾಯುತ್ತಿದ್ದರು. ಚಿಕ್ಕವಳಿದ್ದಾಗ ನನಗಿದು ನಾಟಕ ಅನಿಸುತ್ತಿತ್ತು. ಅಷ್ಟು ಶಾಂತವಾಗಿ ಕೂತವರು ಐದೇ ನಿಮಿಷದಲ್ಲಿ ಇಷ್ಟು ಕೂಗುವುದೆಂದರೇನು?

ಈಗ ನನಗೆ ಐವತ್ತೆರಡು. ಹುಟ್ಟಿದ್ದು ಮೂಡುಬಿದಿರೆ, ಇರುವುದು ಮಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟು, ಕೆಲಸ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವುದು. ಅಜ್ಜಿ ಮಾಡುತ್ತಿದ್ದದ್ದು ನಾಟಕವಲ್ಲ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಮನೆ ಬಿಟ್ಟು ಹೋಗದವರಿಗೂ ಮುನಿಗಳ ಬದುಕನ್ನು ಹೊತ್ತು ಗೊತ್ತುಮಾಡಿ ಸಾಲ ಪಡೆಯುವ ದಾರಿಯೊಂದು ನಮ್ಮಲ್ಲಿದೆ. ಸಾಲ ಅಂದಮೇಲೆ ಹಿಂತಿರುಗಿಸಲೇಬೇಕು, ಅವಧಿ ಮುಗಿದ ಮೇಲೆ ತೆಂಗಿನಕಾಯಿ ಎಣಿಸಲೇಬೇಕು. ಸಮಂತಭದ್ರ ಆಚಾರ್ಯರು ಗೃಹಸ್ಥರ ನಡವಳಿಕೆಗೆಂದೇ ಬರೆದ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವುದೂ ಇದನ್ನೇ: ಸಾಮಾಯಿಕದ ಹೊತ್ತಿನಲ್ಲಿ ಗೃಹಸ್ಥನೂ ಯತಿಯೇ, ಯಾರೋ ಮೇಲೆ ಬಟ್ಟೆ ಹೊದಿಸಿಬಿಟ್ಟ ಮುನಿಯ ಹಾಗೆ. ದಿಗಂಬರ ಮುನಿಗೆ ಬಟ್ಟೆ ಹೊದಿಸಿದರೆ ಅದು ಉಪಸರ್ಗ, ಆತ ಬಯಸದೆ ಬಂದ ತೊಂದರೆ. ನಾನು ಉಟ್ಟ ನೈಟಿಯನ್ನೂ ಹಾಗೆ ನೋಡಬಹುದಲ್ಲ ಎಂದು ಮೊದಲ ಸಲ ಹೊಳೆದಾಗ ನಗು ಬಂತು. ಆಮೇಲೆ ಧೈರ್ಯವೂ ಬಂತು.

ಮಾಡುವುದು ಹೇಗೆ ಎಂದು ಹೇಳುತ್ತೇನೆ. ನೀವು ಜೈನರಾಗಿರಬೇಕೆಂದೇನಿಲ್ಲ, ಮಂತ್ರದ ಜಾಗದಲ್ಲಿ ನಿಮ್ಮದನ್ನು ಇಟ್ಟುಕೊಳ್ಳಿ.

ಮೊದಲು ಹೊತ್ತು. ಒಂದು ಮುಹೂರ್ತ ಅಂದರೆ ಎರಡು ಘಳಿಗೆ, 48 ನಿಮಿಷ. ನಾನು ಶುರುಮಾಡಿದಾಗ ಫೋನಿನಲ್ಲೇ ಅಲಾರಂ ಇಟ್ಟೆ. ಅದು ದೊಡ್ಡ ತಪ್ಪು. ಇನ್ನೆಷ್ಟು ನಿಮಿಷ ಉಳಿದಿದೆ ನೋಡೋಣ ಎಂದು ಎತ್ತಿದವಳು ಸಂಬಂಧಿಕರ ಗೃಹಪ್ರವೇಶದ ಫೋಟೊ ನೋಡುತ್ತಾ ಕೂತಿದ್ದೆ. ಹಾಗಾಗಿ ಘಳಿಗೆ ಬಟ್ಟಲು ಮಾಡಿಕೊಂಡೆ. ಮದುವೆ ಮುಹೂರ್ತಕ್ಕೆ ಹಿಂದೆ ಜೋಯಿಸರು ಇಡುತ್ತಿದ್ದರಲ್ಲ, ತಳಕ್ಕೆ ತೂತಿರುವ ಬಟ್ಟಲು, ಅದೇ. ನೀರಿನ ಮೇಲೆ ತೇಲಬಿಟ್ಟರೆ ಮೆಲ್ಲಗೆ ತುಂಬಿಕೊಂಡು ಒಂದು ಘಳಿಗೆಗೆ, ಅಂದರೆ 24 ನಿಮಿಷಕ್ಕೆ, ಮುಳುಗಬೇಕು.

ಅಂಗೈ ಅಗಲದ ತೆಳು ತಾಮ್ರದ ಬಟ್ಟಲು ತೆಗೆದುಕೊಂಡು ಪಾತ್ರೆ ರಿಪೇರಿಯವನ ಹತ್ತಿರ ಸಣ್ಣ ಮೊಳೆಯಲ್ಲಿ ತೂತು ಹಾಕಿಸಿದೆ. "ಅಕ್ಕಾ, ಎಲ್ಲರೂ ತೂತು ಮುಚ್ಚಲಿಕ್ಕೆ ಬರ್ತಾರೆ" ಅಂದ ಅವನು. ಮೊದಲ ದಿನ ಹನ್ನೊಂದೇ ನಿಮಿಷಕ್ಕೆ ಮುಳುಗಿತು. ತೂತಿಗೆ ಮೇಣ ಮೆತ್ತಿ, ಹೊಲಿಗೆ ಸೂಜಿಯಲ್ಲಿ ಚುಚ್ಚಿ, ಮತ್ತೆ ಬಿಟ್ಟೆ. ಹೀಗೆ ನಾಲ್ಕು ಸಂಜೆ ಕಳೆದ ಮೇಲೆ 24ರ ಆಸುಪಾಸಿಗೆ ಬಂತು. ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ತಲೆಕೆಡಿಸಿಕೊಳ್ಳಬೇಡಿ, ರೈಲು ಹಿಡಿಯಲಿಕ್ಕಿಲ್ಲವಲ್ಲ. ಮುಳುಗುವಾಗ "ಡುಬುಕ್" ಎಂದು ಒಂದು ಸದ್ದು, ಅಷ್ಟೆ. ಎತ್ತಿ ಬರಿದುಮಾಡಿ ಮತ್ತೊಮ್ಮೆ ತೇಲಬಿಡುವುದು. ಎರಡು ಡುಬುಕ್ ಆದರೆ ಒಂದು ಸಾಮಾಯಿಕ.

ಒಂದು ದಿನ ಎಷ್ಟು ಹೊತ್ತಾದರೂ ಡುಬುಕ್ ಇಲ್ಲ. ಇವತ್ತು ಮನಸ್ಸು ನಿಂತಿದೆ, ಅದಕ್ಕೇ ಹೊತ್ತು ಹೋದದ್ದು ಗೊತ್ತಾಗುತ್ತಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಕಣ್ಣು ಬಿಟ್ಟರೆ ಏಳೂವರೆ! ತೂತಿಗೆ ಕಸ ಕಟ್ಟಿತ್ತು, ಬಟ್ಟಲು ದೋಣಿಯ ಹಾಗೆ ತೇಲುತ್ತಿತ್ತು, ಇವರು ಬಾಗಿಲಲ್ಲಿ ನಿಂತು "ಮುಳುಗಿತಾ ನಿನ್ನ ಬಟ್ಟಲು? ತಿಂಡಿ ಏನಾದ್ರೂ ಉಂಟಾ?" ಅಂತಿದ್ದರು. ಅಜ್ಜಿ ನೀರನ್ನು ಬಟ್ಟೆ ಮಡಚಿ ಗಾಳಿಸದೆ ಮುಟ್ಟುತ್ತಿರಲಿಲ್ಲ, ಕಣ್ಣಿಗೆ ಕಾಣದ ಜೀವಗಳಿಗೆ ನೋವಾಗಬಾರದೆಂದು. ಫಿಲ್ಟರ್ ಮೆಷಿನ್ ಬಂದ ಮೇಲೆ ನಾನು ಆ ಬಟ್ಟೆಯನ್ನು ಯಾವತ್ತೋ ಬಿಟ್ಟಿದ್ದೆ. ಬಟ್ಟಲಿನ ನೀರಿಗಾಗಿ ಈಗ ಮತ್ತೆ ಗಾಳಿಸುತ್ತೇನೆ.

ಕೂತು ಏನು ಮಾಡುವುದು? ಮೊದಲು ನಿಲ್ಲಿ. ಪಾದಗಳ ನಡುವೆ ನಾಲ್ಕು ಅಂಗುಲ ಬಿಟ್ಟು, ಕೈ ಇಳಿಬಿಟ್ಟು, ಕಾರ್ಕಳದ ಗೊಮ್ಮಟ ನಿಂತ ಹಾಗೆ. ಇದು ಕಾಯೋತ್ಸರ್ಗ, ಮೈಯ ಮೇಲಿನ ಮಮತೆ ಬಿಟ್ಟು ನಿಲ್ಲುವುದು. ಲೆಕ್ಕ ಹೀಗೆ: ನಮ್ಮ ಐದು ಸಾಲಿನ ಮಂತ್ರ ಣಮೋಕಾರ ಒಂಬತ್ತು ಸಲ, 27 ಉಸಿರು. "ಣಮೋ ಅರಿಹಂತಾಣಂ" ಎನ್ನುವಾಗ ಉಸಿರು ಒಳಕ್ಕೆ, "ಣಮೋ ಸಿದ್ಧಾಣಂ" ಎನ್ನುವಾಗ ಹೊರಕ್ಕೆ. ಮುಂದಿನ ಎರಡು ಸಾಲಿಗೆ ಎರಡನೇ ಉಸಿರು. ಐದನೇ ಸಾಲನ್ನು ಸೀಳಿ "ಣಮೋ ಲೋಏ" ಒಳಕ್ಕೆ, "ಸವ್ವಸಾಹೂಣಂ" ಹೊರಕ್ಕೆ. 35 ಅಕ್ಷರ, ಮೂರು ಉಸಿರು. ಮನಸ್ಸಿನಲ್ಲೇ ಹೇಳಬೇಕು, ತುಟಿ ಅಲ್ಲಾಡಬಾರದು. ಆಮೇಲೆ ಕೂತುಕೊಳ್ಳಿ. ಕೂತಾಗ ಆಗುವ ತಪ್ಪುಗಳು ಐದು ಎಂದು ತತ್ತ್ವಾರ್ಥಸೂತ್ರ ಪಟ್ಟಿ ಕೊಡುತ್ತದೆ: ಮನಸ್ಸು ಅಡ್ಡದಾರಿ ಹಿಡಿಯುವುದು, ಮಾತು, ಮೈ, ಅನಾದರ, ಮರೆವು. ಮನಸ್ಸು ಓಡುವುದಕ್ಕೆ ಎಲ್ಲರೂ ಹೆದರುತ್ತಾರೆ. ನನ್ನನ್ನು ಕೆಡಿಸುವುದು ನಾಲ್ಕನೆಯದು. ಹೇಗೋ ಒಂದು ಮುಗಿಸಿಬಿಡೋಣ ಅನ್ನುವುದಿದೆಯಲ್ಲ, ಅದು. ಆ ಭಾವ ಬಂದ ದಿನ ಒಂದೇ ಡುಬುಕ್ಕಿಗೆ ಎದ್ದುಬಿಡುತ್ತೇನೆ. ಶುರುಮಾಡುವವರೂ ಒಂದೇ ಘಳಿಗೆ ಇಟ್ಟುಕೊಳ್ಳಿ, ಆದರೆ ಅದನ್ನು ಸಾಮಾಯಿಕ ಎಂದು ಕರೆಯಬೇಡಿ. ಎರಡಕ್ಕೂ ಮಾನ ಉಳಿಯುತ್ತದೆ.

ಇನ್ನು ಬರವಣಿಗೆ. ಇದನ್ನು ಸಾಮಾಯಿಕದ ಒಳಗೆ ತರಬೇಡಿ, ತಿಳಿದವರು ಒಪ್ಪಲಿಕ್ಕಿಲ್ಲ, ನನಗೂ ಸರಿ ಕಾಣುವುದಿಲ್ಲ. ಬಟ್ಟಲು ಒರೆಸಿಟ್ಟ ಮೇಲೆ ಅದೇ ಚಾಪೆಯಲ್ಲಿ ಹತ್ತು ನಿಮಿಷ.

ನಾನು ಮಾಡುವುದು ನಕಲು. ಸೃಜನಶೀಲತೆ ಅಂದರೆ ಹೊಸದನ್ನು ಹೊಸೆಯುವುದು ಎಂದುಕೊಂಡವರಿಗೆ ಇದು ಸಪ್ಪೆಯಾಗಿ ಕಾಣಬಹುದು. ಆದರೆ ಅತ್ತಿಮಬ್ಬೆ ಹತ್ತನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಜೈನರ ಹಳೆಯ ಗ್ರಂಥ ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆಯ ಓಲೆಗಳು ನಮ್ಮೂರ ಬಸದಿಯಲ್ಲಿ ಶತಮಾನಗಳ ಕಾಲ ಉಳಿದವು. ಯಾರೋ ಬೆನ್ನು ಬಗ್ಗಿಸಿ ಗರಿಯ ಮೇಲೆ ಬರೆದದ್ದಕ್ಕೇ ಅಲ್ಲವೇ ಇವೆಲ್ಲ ಇರುವುದು? ಗ್ರಂಥಗಳನ್ನು ಪೂಜಿಸುವ ಶ್ರುತಪಂಚಮಿಯ ದಿನ ಓಲೆಯ ಕಟ್ಟು ಬಿಚ್ಚಿ, ಧೂಳು ಕೊಡವಿ, ಹೊಸ ಬಟ್ಟೆ ಸುತ್ತುವಾಗ ನಮ್ಮನ್ನು ಮಕ್ಕಳೆಂದು ದೂರ ಕೂರಿಸುತ್ತಿದ್ದರು. ಆ ಒಣಗರಿಯ ಸರಸರ ಈಗಲೂ ಕಿವಿಯಲ್ಲಿದೆ.

ನಾನು ಆರಿಸಿಕೊಂಡದ್ದು ನಮ್ಮೂರ ರತ್ನಾಕರವರ್ಣಿಯ ಭರತೇಶ ವೈಭವ. ಕಾರಣ ಊರಿನ ಅಭಿಮಾನ ಮಾತ್ರವಲ್ಲ. ಅವನ ಭರತ ಚಕ್ರವರ್ತಿ ಅರಮನೆಯಲ್ಲಿ ಉಂಡು, ರಾಣಿಯರ ಜೊತೆ ಸರಸವಾಡಿ, ಒಡ್ಡೋಲಗ ನಡೆಸಿ, ನಡುವೆ ಕಣ್ಣುಮುಚ್ಚಿ ಯೋಗಿಯಾಗುವವನು. ಕೊನೆಗೆ ದೀಕ್ಷೆ ತೊಟ್ಟ ಮೇಲೆ ಅವನಿಗೆ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಜ್ಞಾನ, ಆದದ್ದು ಅಂತರ್ಮುಹೂರ್ತದಲ್ಲಿ, ಅಂದರೆ ನನ್ನ ಎರಡು ಬಟ್ಟಲು ಮುಳುಗುವುದರೊಳಗೆ. ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳು. ದಿನಕ್ಕೊಂದರಂತೆ ಬರೆದರೆ 27 ವರ್ಷ ಬೇಕು. ಲೆಕ್ಕದವಳಾದ್ದರಿಂದ ಇದನ್ನು ಮೊದಲೇ ನೋಡಿದ್ದೆ.

ಶಾಯಿ ಪೆನ್ನು, ಗೆರೆಯಿಲ್ಲದ ಹಾಳೆ. ಪದ್ಯವನ್ನು ಒಮ್ಮೆ ರಾಗವಾಗಿ ಹೇಳಿಕೊಂಡು, ಪುಸ್ತಕ ಮುಚ್ಚಿ, ಒಂದೊಂದೇ ಸಾಲು ಬರೆಯಿರಿ. ಓಲೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ವಾರಕ್ಕೊಮ್ಮೆ ಹಾಗೇ ಬರೆದು ನೋಡಿ. ಎಲ್ಲಿ ಒಡೆಯಬೇಕೆಂದು ಕಣ್ಣು ತಡವರಿಸುವಾಗ ದಿನಾ ಬಳಸುವ ಪದವೂ ಹೊಸದಾಗಿ ಎದುರು ನಿಲ್ಲುತ್ತದೆ. ತಪ್ಪಾದರೆ ಹೊಡೆದುಹಾಕಬೇಡಿ, ಅಕ್ಷರದ ಮೇಲೊಂದು ಚುಕ್ಕಿ ಇಟ್ಟು ಮುಂದೆ ಹೋಗಿ.

ಭಾನುವಾರಕ್ಕೆ ಇನ್ನೊಂದು ವ್ರತ ಇದೆ, ದೇಶಾವಕಾಶಿಕ. ಇಷ್ಟು ಹೊತ್ತು ಇಷ್ಟು ಜಾಗ ದಾಟುವುದಿಲ್ಲ ಎಂದು ಗಡಿ ಹಾಕಿಕೊಳ್ಳುವುದು. ಮನೆ, ಊರು, ಹೊಲ, ನದಿ, ಕಾಡು, ಯಾವುದನ್ನಾದರೂ ಗಡಿ ಮಾಡಬಹುದು. ನನ್ನದು ಮಧ್ಯಾಹ್ನದವರೆಗೆ ಫ್ಲ್ಯಾಟಿನ ಬಾಗಿಲು. ಇದಕ್ಕೂ ಐದು ತಪ್ಪುಗಳನ್ನು ಹೇಳಿದ್ದಾರೆ: ಗಡಿಯೊಳಗೇ ಕೂತು ಹೊರಗೆ ಆಳು ಕಳಿಸುವುದು, ಹೊರಗಿನದನ್ನು ತರಿಸಿಕೊಳ್ಳುವುದು, ಕೆಮ್ಮಿ ಸದ್ದು ಮಾಡಿ ಕರೆಯುವುದು, ಮುಖ ತೋರಿಸುವುದು, ಕಲ್ಲೆಸೆದು ಸನ್ನೆ ಮಾಡುವುದು. ಮಾರಾಯ್ರೆ, ಇದು ಮೊಬೈಲ್ ಬಗ್ಗೆಯೇ ಬರೆದ ಹಾಗಿಲ್ಲವೇ? ಆರ್ಡರ್ ಮಾಡಿ ತರಿಸುವುದು, ಮಿಸ್ಡ್ ಕಾಲ್, ವೀಡಿಯೊ ಕಾಲ್. ಬೆಳಗಾದರೆ ಗ್ರೂಪಿಗೆ ಗುಡ್ ಮಾರ್ನಿಂಗ್ ಹೂವು ಎಸೆಯುವುದಂತೂ ಕಲ್ಲೆಸೆಯುವುದೇ. ಬಾಗಿಲು ದಾಟದೆಯೂ ವ್ರತ ಮುರಿಯಲು ಎಷ್ಟು ದಾರಿಗಳಿವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಫೋನು ಅಕ್ಕಿ ಡಬ್ಬದ ಮೇಲೆ ಮಲಗಲಿ. ತುರ್ತಿದ್ದರೆ ಇವರ ಫೋನಿಗೆ ಬರುತ್ತದೆ.

ಅಷ್ಟಮಿ, ಚತುರ್ದಶಿಯ ಒಪ್ಪೊತ್ತು ನನಗೆ ಆಗುವುದಿಲ್ಲ, ಶುಗರ್ ಇದೆ. ಆಗದ್ದನ್ನು ಮಾಡಲು ಹೋಗಬೇಡಿ.

ಒಂದು ಉಳಿಯಿತು. ಹಳೆಯ ಪ್ರತಿಕಾರರು ಗ್ರಂಥ ಮುಗಿಸಿ ಕೊನೆಯಲ್ಲಿ ತಮ್ಮ ಮಾತೊಂದು ಸೇರಿಸುತ್ತಿದ್ದರು: ಬೆನ್ನು, ಸೊಂಟ, ಕತ್ತು ಮುರಿದುಹೋಗಿದೆ, ಮುಖ ತಗ್ಗಿಸಿ ನೋಟ ಮರಗಟ್ಟಿದೆ, ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಕಾಪಾಡಿ ಎಂದು. ನಾನು ಪ್ರತಿ ಪದ್ಯದ ಕೆಳಗೂ ಅಂಥದ್ದೊಂದು ಸಾಲು ಬರೆಯುತ್ತೇನೆ. ವಾರ ಹಾಕಿ, ಆ ಬೆಳಗ್ಗಿನ ಒಂದು ಸಂಗತಿ. ಹೊಗಳಿಕೆ, ಉಪದೇಶ ಬೇಡ, ನಡೆದದ್ದು ಮಾತ್ರ. ಇಡೀ ಹಾಳೆಯಲ್ಲಿ ನನ್ನದೆಂದಿರುವುದು ಅದೊಂದೇ ಸಾಲು. ಮೊದಮೊದಲು "ಮಳೆ. ಕರೆಂಟಿಲ್ಲ" ಎಂಬಷ್ಟೇ ಬರುತ್ತಿತ್ತು. ಈಗ ಸ್ವಲ್ಪ ಉದ್ದವಾಗಿದೆ. ಮೊನ್ನೆಯದು ಇದು:

"ಬುಧವಾರ. ಸೆಖೆ. ಎದುರು ಫ್ಲ್ಯಾಟಿನ ಮಗು ಅಳುತ್ತಿತ್ತು, ಬಟ್ಟಲು ಮುಳುಗಿದ್ದು ಕೇಳಿಸಲಿಲ್ಲ."