ಟ್ಯುರೆನ್ ಪಾಠ ನೆಲದ ಮೇಲೆ: ನನ್ನ ಅನುಭವ

ಪದವಿ ತರಗತಿಗೆ ನಾನು ಯುರೋಪಿನ ಇತಿಹಾಸ ಹೇಳಿಕೊಡುತ್ತೇನೆ. ಫ್ರಾನ್ಸಿನ ಸೇನಾಪತಿ ಟ್ಯುರೆನ್ 1611ರಲ್ಲಿ ಸೆಡಾನ್‌ನಲ್ಲಿ ಹುಟ್ಟಿದ, 1643ರಲ್ಲಿ ಮಾರ್ಷಲ್ (ಅಲ್ಲಿನ ಸೇನೆಯ ಅತಿ ದೊಡ್ಡ ಗೌರವ) ಆದ ಅಂತ ಸುಮ್ನೆ ಬರೆಸಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅವನ ಜಾಣತನ ಇದ್ದದ್ದು ಸೈನ್ಯ ನಡೆಸುವುದರಲ್ಲಿ. ಅದಕ್ಕೇ ನನ್ನ ಪಾಠ ನಕಾಶೆಯಿಂದ ಶುರುವಾಗುತ್ತದೆ.

ಬೆಂಚುಗಳನ್ನು ಗೋಡೆಗೆ ಸರಿಸಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ರೈನ್ ನದಿ ಎಳೆಯುತ್ತೇನೆ. ಅದರ ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು. ಉದ್ದಕ್ಕೆ ಸುತ್ತಿಟ್ಟ ಗೋಣಿಚೀಲ ಸಾಕು. ನಡುವಿನ ಪಟ್ಟಿಯೇ ಅಲ್ಸಾಸ್. ಅಲ್ಲಿ ಕೆಂಪು ಕಾಗದದ ಚೂರುಗಳನ್ನು ಹರಡುತ್ತೇವೆ. 1674ರ ಕೊನೆಗೆ ಫ್ರಾನ್ಸಿನ ಶತ್ರು, ಜರ್ಮನ್ ನಾಡುಗಳ ಚಕ್ರವರ್ತಿ ಲಿಯೋಪೋಲ್ಡನ ಕಡೆಯ ಪಡೆಗಳು ಚಳಿಗಾಲ ಕಳೆಯಲು ಊರೂರಲ್ಲಿ ಹೀಗೇ ಬೀಡುಬಿಟ್ಟಿದ್ದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಚಳಿಗಾಲದಲ್ಲಿ ಕುದುರೆಗೆ ಮೇವಿಲ್ಲ, ದಾರಿಯೆಲ್ಲ ಹಿಮ, ಕೆಸರು. ಆ ತಿಂಗಳುಗಳಲ್ಲಿ ಯುದ್ಧ ನಿಲ್ಲಿಸುವುದು ಆಗಿನ ವಾಡಿಕೆ. ಟ್ಯುರೆನ್ ಕೂಡ ಬೆಟ್ಟದಾಚೆ ಲೊರೇನಿಗೆ ಸರಿದ. ಈ ವರ್ಷಕ್ಕೆ ಮುಗಿಯಿತು ಅಂತಲೇ ಅನ್ನಿಸುತ್ತದೆ, ಅಲ್ವಾ?

ಆಗ ಮಕ್ಕಳ ಕೈಗೆ ದಾರದ ತುಂಡುಗಳನ್ನು ಕೊಡುತ್ತೇನೆ. ಗೋಣಿಚೀಲದ ಹಿಂದಿನಿಂದಲೇ ದಕ್ಷಿಣಕ್ಕೆ ಜೋಡಿಸುತ್ತಾ ಹೋಗಬೇಕು. ಒಂದೇ ಉದ್ದ ದಾರ ಕೊಡುವುದಿಲ್ಲ. ಟ್ಯುರೆನ್ ಸೈನ್ಯವನ್ನು ಚಿಕ್ಕ ಚಿಕ್ಕ ತುಕಡಿಗಳಾಗಿ ಒಡೆದು ಬೇರೆಬೇರೆ ದಾರಿಯಲ್ಲಿ ಕಳಿಸಿದ್ದ. ಎಲ್ಲವೂ ಬೆಟ್ಟಸಾಲಿನ ದಕ್ಷಿಣ ತುದಿಯ ಬೆಲ್ಫೋರ್‌ನಲ್ಲಿ ಕೂಡಿದವು. ಡಿಸೆಂಬರ್ 29ರಂದು ಮುಲೂಸ್‌ನಲ್ಲಿ ಶತ್ರುವಿನ ಕುದುರೆಪಡೆ ಸೋತಿತು. 1675ರ ಜನವರಿ 5ರಂದು ಟರ್ಕೈಮ್ ಊರಿನ ಕದನ. ಅಲ್ಲೂ ಪಕ್ಕದ ಕೋಲ್ಮಾರ್ ಪಟ್ಟಣದ ಎದುರಿಗೆ ಒಂದಷ್ಟು ಪಡೆ ತೋರಿಸಿ, ಬೆಟ್ಟದ ಮಗ್ಗುಲಿಂದ ಸುತ್ತಿಬಂದು ಹೊಡೆದ. ಕೆಂಪು ಚೂರುಗಳನ್ನು ಮಕ್ಕಳೇ ರೈನ್ ಆಚೆಗೆ ಎತ್ತಿಡುತ್ತಾರೆ.

ಅದೇ 1674ರ ಬೇಸಿಗೆಯಲ್ಲಿ ಟ್ಯುರೆನ್ ಸೈನ್ಯ ರೈನ್ ದಡದ ಜರ್ಮನ್ ಸೀಮೆ ಪ್ಯಾಲಟಿನೇಟ್‌ನ ಹಳ್ಳಿಗಳನ್ನು ಸುಟ್ಟಿತ್ತು. ಅದನ್ನು ಬಿಟ್ಟು ಬರೀ ಜಾಣತನ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಆ ಜಾಗಕ್ಕೆ ಇದ್ದಿಲಿನಿಂದ ಗುರುತು ಹಾಕಿಸುತ್ತೇನೆ. 1675ರ ಜುಲೈ 27ರಂದು ಸಾಲ್ಸ್‌ಬಾಕ್‌ನಲ್ಲಿ ಫಿರಂಗಿ ಗುಂಡು ತಗಲಿ ಅವನು ಸತ್ತದ್ದನ್ನು ಎರಡು ಮಾತಲ್ಲಿ ಹೇಳಿ ಮುಗಿಸುತ್ತೇನೆ.

ಮುಂದಿನ ತರಗತಿಗೆ ಹದಿನೇಳು ವರ್ಷ ಹಿಂದಕ್ಕೆ ಹೋಗುತ್ತೇವೆ: 1658ರ ಜೂನ್ 14, ಡಂಕರ್ಕ್ ಬಂದರಿನ ಬಳಿ ಟ್ಯುರೆನ್ ಸ್ಪೇನಿನ ವಿರುದ್ಧ ಗೆದ್ದ ಮರಳುದಿಬ್ಬಗಳ ಕದನ. ಸ್ಪೇನಿನ ಸೈನ್ಯದ ಬಲಗಡೆ ಸಮುದ್ರ. ನೀರು ಇಳಿದಾಗ ತೆರೆದುಕೊಂಡ ಮರಳಿನ ಮೇಲೆ ಫ್ರೆಂಚ್ ಕುದುರೆಪಡೆ ಅವರ ಪಕ್ಕಕ್ಕೆ ನುಗ್ಗಿತು. ಕರಾವಳಿಯ ಮಕ್ಕಳಿದ್ದರೆ ಇದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ಉಬ್ಬರ ಇಳಿತ ಅವರಿಗೆ ನನಗಿಂತ ಜಾಸ್ತಿ ಗೊತ್ತು.